ಒಂದೇ ಹಾಡು, ಹಲವು ಕಂಠ: ಹಳೆಯ ಬ್ಯಾರಿಟೋನ್‌ಗಳನ್ನು ಹೋಲಿಸಿ ಕೇಳುವುದು ಹೇಗೆ

ಒಪೆರಾ, ಅಂದರೆ ಕಥೆಯನ್ನು ಹಾಡಿನಲ್ಲೇ ಆಡಿ ತೋರಿಸುವ ಪಾಶ್ಚಾತ್ಯ ಸಂಗೀತ ನಾಟಕ, ಕೇಳುವವರ ನಡುವೆ ಒಂದು ವಾದ ಯಾವತ್ತೂ ಮುಗಿಯುವುದಿಲ್ಲ. ಹಳೆಯ ಬ್ಯಾರಿಟೋನ್‌ಗಳಲ್ಲಿ (ನಡುದನಿಯ ಗಂಡು ಹಾಡುಗಾರರಲ್ಲಿ) ದೊಡ್ಡವರು ಯಾರು? ಒಬ್ಬರು ತಿತ್ತಾ ರೂಫೋ ಎನ್ನುತ್ತಾರೆ. ಇನ್ನೊಬ್ಬರು ಬಾಸ್ತಿಯಾನೀನಿ ಎನ್ನುತ್ತಾರೆ. ಮತ್ತೊಬ್ಬರು ಅವರಿಬ್ಬರಿಗಿಂತ ಹಳಬರಾದ ಬಾತ್ತಿಸ್ತೀನಿಯನ್ನು ಬಿಟ್ಟುಕೊಡುವುದೇ ಇಲ್ಲ. ಎಲ್ಲರೂ ತಮಗಿಷ್ಟವಾದ ರೆಕಾರ್ಡ್ ಹಾಕಿ ಕೇಳಿಸುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಒಬ್ಬರು ಹಾಕಿದ್ದು ಕುಡಿತದ ಹಾಡು, ಇನ್ನೊಬ್ಬರದು ಪ್ರೇಮದ ಹಾಡು, ಒಂದು 1907ರದ್ದು, ಇನ್ನೊಂದು 1960ರದ್ದು. ಹೀಗೆ ಕೇಳಿದರೆ ಯಾವ ದನಿ ಜೋರು ಅನ್ನುವುದನ್ನು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ, ಅಲ್ವಾ?

ನಾನು ಹೇಳುವುದು ಇಷ್ಟೇ. ಒಂದೇ ಹಾಡು ಹಿಡಿಯಿರಿ. ಅದರಲ್ಲೂ ಒಂದೆರಡು ಸಾಲು ಗುರುತಿಟ್ಟುಕೊಳ್ಳಿ. ಅದನ್ನೇ ಬೇರೆ ಬೇರೆಯವರ ಬಾಯಲ್ಲಿ ಕೇಳಿ. ಆಗ ಪ್ರತಿಯೊಬ್ಬರ ಶಾರೀರ ಎಂಥದ್ದು, ಉಸಿರು ಎಷ್ಟು, ಬುದ್ಧಿ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ನಾನು ಆರಿಸಿಕೊಂಡಿರುವುದು ಇಟಲಿಯ ಸಂಗೀತಕಾರ ವೆರ್ದಿಯ ‘ಎರಿ ತು’. ಆದರೆ ಅದಕ್ಕೆ ಮೊದಲು ಬ್ಯಾರಿಟೋನ್ ದನಿಯ ಬಗ್ಗೆ ಒಂದೆರಡು ವಿಷಯ ತಿಳಿದಿರಬೇಕು.

ಗಂಡಸರ ದನಿಗಳಲ್ಲಿ ಮೇಲಿನದು ಟೆನರ್, ಕೆಳಗಿನದು ಬಾಸ್, ನಡುವೆ ಇರುವುದು ಬ್ಯಾರಿಟೋನ್. ಹೆಚ್ಚಿನ ಗಂಡಸರ ಸಹಜ ದನಿ ಇರುವುದು ಈ ನಡುವಿನ ಜಾಗದಲ್ಲೇ. ಸೆಕೆಂಡಿಗೆ ಸುಮಾರು 110 ಕಂಪನ, ಅಂದರೆ 110 ಹರ್ಟ್ಸ್‌ನಿಂದ ಶುರುವಾಗಿ 392 ಹರ್ಟ್ಸ್‌ನ ಮೇಲಿನ ಜಿ ಸ್ವರದವರೆಗೆ, ಕೆಲವರಿಗೆ ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲಕ್ಕೂ, ಈ ದನಿ ಓಡಾಡುತ್ತದೆ. ಮೊಜಾರ್ಟ್ ಕಾಲದಲ್ಲಿ ಇದನ್ನು ಬಾಸ್‌ನಿಂದ ಬೇರೆ ಮಾಡಿ ನೋಡುತ್ತಿರಲಿಲ್ಲ. ವೆರ್ದಿಯ ಒಪೆರಾಗಳಾದ 1842ರ ‘ನಬುಕ್ಕೊ’, 1847ರ ‘ಮಾಕ್ಬೆತ್’, 1851ರ ‘ರಿಗೊಲೆತ್ತೊ’ ಬಂದ ಮೇಲೆ ಚಿತ್ರ ಬದಲಾಯಿತು. ಅಪ್ಪ, ದೊರೆ, ಶತ್ರು, ಮೋಸ ಹೋದ ಗಂಡ, ಇಂಥ ನೊಂದ ಪಾತ್ರಗಳನ್ನೆಲ್ಲ ವೆರ್ದಿ ಬ್ಯಾರಿಟೋನ್‌ಗೆ ಕೊಟ್ಟರು. ಕೊಟ್ಟಿದ್ದಷ್ಟೇ ಅಲ್ಲ, ಆ ದನಿಯನ್ನು ಅದರ ಮೇಲಿನ ಮೂರನೇ ಒಂದು ಭಾಗದಲ್ಲೇ ಜಾಸ್ತಿ ಹೊತ್ತು ನಿಲ್ಲಿಸಿದರು. ಅಲ್ಲಿ ನಿಂತು ಹಾಡುವುದು ಸುಲಭವಲ್ಲ. ‘ವೆರ್ದಿ ಬ್ಯಾರಿಟೋನ್’ ಎಂದು ಜನ ಇವತ್ತಿಗೂ ಬೇರೆಯಾಗಿ ಕರೆಯುವುದು ಇದೇ ಕಾರಣಕ್ಕೆ.

ಯಾಕೆ ಕಷ್ಟ? ದನಿ ಮೇಲೇರುತ್ತಾ ಹೋದಂತೆ ಸುಮಾರು 310ರಿಂದ 350 ಹರ್ಟ್ಸ್ ನಡುವೆ ಒಂದು ಗಂಟು ಸಿಗುತ್ತದೆ. ಅಲ್ಲಿಯವರೆಗೆ ಎದೆಯಿಂದ ಬರುವ ದನಿ ಆರಾಮವಾಗಿ ಹರಿಯುತ್ತದೆ. ಅದೇ ಒತ್ತಡದಲ್ಲಿ ಗಂಟು ದಾಟಲು ಹೋದರೆ ಹಾಡು ಕೂಗಾಗುತ್ತದೆ. ಪಳಗಿದ ಹಾಡುಗಾರರು ಅಲ್ಲಿ ಸ್ವರವನ್ನು ಸ್ವಲ್ಪ ದುಂಡಗೆ ಮಾಡುತ್ತಾರೆ. ‘ಆ’ ಎಂಬುದು ‘ಓ’ ಕಡೆಗೆ ಒಂದಿಷ್ಟು ವಾಲುತ್ತದೆ. ಕಿವಿಗೊಟ್ಟು ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಒಬ್ಬ ಬ್ಯಾರಿಟೋನ್‌ನ ತರಬೇತಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೊನೆಯ ಮೇಲಿನ ಸ್ವರವನ್ನು ಎಷ್ಟು ಹೊತ್ತು ಎಳೆದರು ಅನ್ನುವುದಕ್ಕೆ ಚಪ್ಪಾಳೆ ಬೀಳುತ್ತದೆ, ಸರಿ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಗಂಟು ಕಾಣದಂತೆ ದಾಟುವುದು ಅದಕ್ಕಿಂತ ದೊಡ್ಡ ವಿದ್ಯೆ.

ಇನ್ನೊಂದು ವಿಷಯ, ಮೈಕ್. ಇವರ್ಯಾರಿಗೂ ರಂಗದ ಮೇಲೆ ಮೈಕ್ ಇರಲಿಲ್ಲ. ನಮ್ಮ ಹಳೆಯ ಕಂಪನಿ ನಾಟಕದವರು ಕೊನೆಯ ಬೆಂಚಿನವರಿಗೂ ಕೇಳುವಂತೆ ಹಾಡುತ್ತಿದ್ದರಲ್ಲ, ಹಾಗೆ. ಇಲ್ಲಿ ಮುಂದೆ ಹಾರ್ಮೋನಿಯಂ ಬದಲು ಅರವತ್ತು ಎಪ್ಪತ್ತು ವಾದ್ಯಗಳ ಆರ್ಕೆಸ್ಟ್ರಾ ಕೂತಿರುತ್ತದೆ. ಬರೀ ಜೋರಾಗಿ ಹಾಡಿ ಅದನ್ನು ಗೆಲ್ಲಲು ಆಗುವುದಿಲ್ಲ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂದ್‌ಬೆರ್ಗ್ ಇದನ್ನು ಅಳೆದು ತೋರಿಸಿದರು. ಆರ್ಕೆಸ್ಟ್ರಾದ ಶಕ್ತಿಯೆಲ್ಲ ಸುಮಾರು 500 ಹರ್ಟ್ಸ್ ಸುತ್ತ ಇರುತ್ತದೆ, ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಪಳಗಿದ ಗಂಡು ದನಿಯಲ್ಲಿ ಸುಮಾರು 3000 ಹರ್ಟ್ಸ್ ಹತ್ತಿರ ಇನ್ನೊಂದು ಏರು ಇರುತ್ತದೆ. ಮನುಷ್ಯರ ಕಿವಿ ಚುರುಕಾಗಿರುವುದೂ ಅಲ್ಲೇ. ಆ ಝೇಂಕಾರ ಇದ್ದರೆ ಮೆಲ್ಲಗೆ ಹಾಡಿದ್ದೂ ಕೊನೆಯ ಸಾಲಿಗೆ ಮುಟ್ಟುತ್ತದೆ. ಇಲ್ಲದಿದ್ದರೆ ಎಷ್ಟು ಕಿರುಚಿದರೂ ವಾದ್ಯಗಳ ಅಡಿಯಲ್ಲಿ ಮುಳುಗಿಹೋಗುತ್ತದೆ.

ಈಗ ಹಾಡಿಗೆ ಬರೋಣ. ‘ಎರಿ ತು’ ಬರುವುದು ‘ಉನ್ ಬಾಲ್ಲೊ ಇನ್ ಮಾಸ್ಕೆರಾ’ ಎಂಬ ಒಪೆರಾದಲ್ಲಿ, ಚಿಕ್ಕದಾಗಿ ‘ಬಾಲ್ಲೊ’. 1859ರ ಫೆಬ್ರುವರಿ 17ರಂದು ರೋಮ್‌ನ ಆಪೊಲ್ಲೊ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಮೂಲ ಕಥೆ ಸ್ವೀಡನ್ನಿನ ದೊರೆ ಮೂರನೇ ಗುಸ್ತಾವ್‌ನ ಕೊಲೆಯದ್ದು. ರಂಗದ ಮೇಲೆ ದೊರೆಯನ್ನು ಕೊಲ್ಲುವುದನ್ನು ಸೆನ್ಸಾರ್‌ನವರು ಒಪ್ಪಲಿಲ್ಲ, ಹಾಗಾಗಿ ಕಥೆಯನ್ನು ಅಮೆರಿಕದ ಬಾಸ್ಟನ್‌ಗೆ ಸಾಗಿಸಬೇಕಾಯಿತು. ರೆನಾತೊ ಎಂಬಾತ ಗವರ್ನರ್ ರಿಕಾರ್ಡೊನ ಜೀವದ ಗೆಳೆಯ. ತನ್ನ ಹೆಂಡತಿ ಅಮೇಲಿಯಾ ಆ ಗೆಳೆಯನನ್ನೇ ಪ್ರೀತಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತದೆ. ಮೊದಲು ಅವಳನ್ನೇ ಕೊಲ್ಲುತ್ತೇನೆ ಎನ್ನುತ್ತಾನೆ. ಮಗನನ್ನು ಕೊನೆಯ ಸಲ ನೋಡಲು ಬಿಡು ಎಂದು ಅವಳು ಬೇಡಿಕೊಳ್ಳುತ್ತಾಳೆ, ಅವಳನ್ನು ಒಳಗೆ ಕಳಿಸುತ್ತಾನೆ. ಆಮೇಲೆ ಗೋಡೆಯ ಮೇಲಿರುವ ಗೆಳೆಯನ ಚಿತ್ರದ ಕಡೆ ತಿರುಗುತ್ತಾನೆ. ‘ಎರಿ ತು’, ನೀನೇ ಅವನು.

ಇದನ್ನೇ ಯಾಕೆ ಆರಿಸಿದೆ ಅಂದರೆ, ಈ ಒಂದೇ ಹಾಡಿನಲ್ಲಿ ಎರಡು ಹಾಡುಗಳಿವೆ. ಮೊದಲ ಭಾಗ ಬರೀ ಸಿಟ್ಟು. ಆಮೇಲೆ ಕೊಳಲು ಮತ್ತು ಹಾರ್ಪ್ ಮೆಲ್ಲಗೆ ಬರುತ್ತವೆ, ಸಿಟ್ಟೆಲ್ಲ ಕರಗಿ ರೆನಾತೊ ‘ಓ ದೊಲ್ಚೆತ್ಸೆ ಪೆರ್ದೂತೆ’ ಎಂದು ಕಳೆದುಹೋದ ಸುಖವನ್ನು ನೆನೆಯುತ್ತಾನೆ. ‘ಬ್ರಿಲ್ಲಾವಾ ದಾಮೋರ್’ ಎಂಬಲ್ಲಿ, ತನ್ನ ಎದೆಯ ಮೇಲೆ ಒರಗಿದ್ದ ಅಮೇಲಿಯಾ ಪ್ರೀತಿಯಿಂದ ಹೊಳೆಯುತ್ತಿದ್ದಳು ಎನ್ನುವಾಗ, ದನಿ ಮೇಲಿನ ಜಿ ಸ್ವರಕ್ಕೆ ಏರುತ್ತದೆ. ಏರಬೇಕು, ಆದರೆ ಸಿಟ್ಟಿನಿಂದಲ್ಲ. ಸಿಟ್ಟಿನಲ್ಲಿ ಆ ಸ್ವರ ಎತ್ತುವುದು ಬಹಳ ಜನಕ್ಕೆ ಬರುತ್ತದೆ, ದುಃಖದಲ್ಲಿ, ಮೆದುವಾಗಿ ಎತ್ತಲು ಬರುವವರು ಕಡಿಮೆ. ನಾನು ಗುರುತಿಟ್ಟುಕೊಂಡಿರುವುದು ಈ ಸಾಲನ್ನೇ.

ಮೊದಲು ಮಾತ್ತಿಯಾ ಬಾತ್ತಿಸ್ತೀನಿ. ಹುಟ್ಟಿದ್ದು 1856, ರೋಮ್. ‘ಬ್ಯಾರಿಟೋನ್‌ಗಳ ರಾಜ’ ಎಂದು ಕರೆಸಿಕೊಂಡವರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವರ್ಷ ವರ್ಷ ಹಾಡಿದರು. ಫ್ರೆಂಚ್ ಸಂಗೀತಕಾರ ಮಾಸ್ನೆ ತಮ್ಮ ‘ವೆರ್ತೆರ್’ ಒಪೆರಾದ ನಾಯಕನ ಪಾತ್ರ ಬರೆದಿದ್ದು ಟೆನರ್‌ಗೆ, ಆದರೆ ಬಾತ್ತಿಸ್ತೀನಿಗಾಗಿ ಅದನ್ನು ಬ್ಯಾರಿಟೋನ್‌ಗೆ ತಿದ್ದಿ ಕೊಟ್ಟರು. ಮೊದಲ ರೆಕಾರ್ಡ್ 1902ರಲ್ಲಿ ವಾರ್ಸಾದಲ್ಲಿ ಆಯಿತು, ಆಗಲೇ ಅವರಿಗೆ ನಲವತ್ತು ದಾಟಿತ್ತು.

ಅವರ ‘ಎರಿ ತು’ 1906ರದ್ದು. ಮೊದಲ ಸಲ ಕೇಳುವವರಿಗೆ ಕಿರಿಕಿರಿ ಆಗಬಹುದು. ಕರಕರ ಸದ್ದು, ದನಿ ದೂರದಲ್ಲೆಲ್ಲೋ ಇದ್ದಂತೆ, ಇದೇನು ಟೆನರ್ ದನಿಯೇ ಅನ್ನುವಷ್ಟು ತೆಳು. ಇಲ್ಲಿ ರೆಕಾರ್ಡಿನ ತಪ್ಪು ಎಷ್ಟು, ಕಂಠದ ಗುಣ ಎಷ್ಟು ಎಂದು ಬಿಡಿಸಿಕೊಳ್ಳಬೇಕು.

1925ಕ್ಕೆ ಮುಂಚೆ ಮುದ್ರಣಕ್ಕೂ ಮೈಕ್ ಇರಲಿಲ್ಲ. ಹಾಡುವವರು ಒಂದು ದೊಡ್ಡ ಕೊಂಬಿನ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು, ಆ ಗಾಳಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಜೋರು ಸ್ವರ ಬಂದಾಗ ಸ್ವಲ್ಪ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಸೂಜಿ ಒದರಿ ಪ್ಲೇಟು ಹಾಳು. ಕೊಂಬು ಕೆಳಗಿನ ನಾದವನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮೇಲಿನ 3000 ಹರ್ಟ್ಸ್ ಝೇಂಕಾರವನ್ನು ಬಹುಪಾಲು ಬಿಟ್ಟೇಬಿಡುತ್ತಿತ್ತು. ಅಂದರೆ ರಂಗಮಂದಿರದಲ್ಲಿ ಜನರನ್ನು ಹಿಡಿದಿಟ್ಟ ಗುಣವೇ ಪ್ಲೇಟಿನಲ್ಲಿ ಅರ್ಧಕ್ಕರ್ಧ ಇಲ್ಲ. ಇನ್ನೊಂದು ಮುಖ್ಯ ವಿಷಯ ವೇಗ. 78 ಸುತ್ತಿನ ಪ್ಲೇಟು ಎಂದು ನಾವು ಸುಮ್ನೆ ಹೇಳುತ್ತೇವೆ, ಆದರೆ ಆ ಕಾಲದ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ. ದನಿಯ ಬಣ್ಣವೂ ಅದರ ಜೊತೆಗೇ ಕೆಡುತ್ತದೆ, ದಪ್ಪ ಕಂಠ ತೆಳ್ಳಗಾಗುತ್ತದೆ, ಕಂಪನ ಗಡಿಬಿಡಿಯದ್ದಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪ್ರತಿಗಳಲ್ಲಿ ಈ ದೋಷ ಇದೆ. ಹಾಡಿನ ಮೂಲ ಶ್ರುತಿಗೆ ಹೊಂದಿಸಿ ಸರಿಪಡಿಸಿದ ಪ್ರತಿ ಹುಡುಕಿ ಕೇಳಿ, ಅದೇ ಹಾಡುಗಾರ ಬೇರೆಯವರೇ ಎನಿಸುತ್ತಾರೆ.

(ನಮ್ಮ ಕಡೆಗೂ ಇದರ ನಂಟಿದೆ. 1902ರ ಏಪ್ರಿಲ್‌ನಲ್ಲಿ ಮಿಲಾನ್‌ನಲ್ಲಿ ಹೆಸರಾಂತ ಟೆನರ್ ಕರೂಸೋ ಅವರ ಹಾಡು ಮುದ್ರಿಸಿಕೊಂಡ ಫ್ರೆಡ್ ಗೈಸ್‌ಬರ್ಗ್, ಅದೇ ವರ್ಷದ ಕೊನೆಗೆ ಕೋಲ್ಕತ್ತಾಗೆ ಬಂದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದರು. ಅಲ್ಲಿಯೂ ಇದೇ ಬಗೆಯ ಕೊಂಬು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು.)

ಇಷ್ಟನ್ನು ಕಳೆದು ನೋಡಿದರೆ ಬಾತ್ತಿಸ್ತೀನಿಯಲ್ಲಿ ಉಳಿಯುವುದು ಏನು? ಬಹಳ ಉಳಿಯುತ್ತದೆ. ಮಂದ್ರದಲ್ಲಿ ಅವರ ದನಿ ನಿಜಕ್ಕೂ ದುರ್ಬಲ, ಅದು ಕೊಂಬಿನ ತಪ್ಪಲ್ಲ. ಆದರೆ ಮೇಲಕ್ಕೆ ಹೋದಂತೆ ಆ ಕಂಠ ಇನ್ನಷ್ಟು ಹಗುರಾಗುತ್ತದೆ. ಒಂದು ಸ್ವರವನ್ನು ಮೆಲ್ಲಗೆ ಹಿಡಿದು, ಹಿಗ್ಗಿಸಿ, ಮತ್ತೆ ಕುಗ್ಗಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ವೆರ್ದಿಗಿಂತ ಹಿಂದಿನ, ದನಿಯ ಸೊಬಗಿಗೇ ಒತ್ತು ಕೊಡುವ ಬೆಲ್ ಕಾಂತೊ ಶೈಲಿಯದ್ದು. ಗುರುತಿಟ್ಟ ಸಾಲಿನಲ್ಲಿ ಅವರು ಕಾಲವನ್ನು ತಮಗೆ ಬೇಕಾದಂತೆ ಎಳೆಯುತ್ತಾರೆ. ಆರ್ಕೆಸ್ಟ್ರಾ ನಡೆಸುವ ಇವತ್ತಿನ ಕಂಡಕ್ಟರ್‌ಗಳು ಇದಕ್ಕೆ ಒಪ್ಪಲಾರರು. ಆದರೆ ಕಳೆದುಹೋದ ಸುಖವನ್ನು ನೆನೆಯುವವನು ತಾಳಕ್ಕೆ ಸರಿಯಾಗಿ ನೆನೆಯುತ್ತಾನೆಯೇ?

ಅವರಿಗೆ ತದ್ವಿರುದ್ಧ ತಿತ್ತಾ ರೂಫೋ. 1877ರಲ್ಲಿ ಪೀಸಾದಲ್ಲಿ ಹುಟ್ಟಿದರು, ಹುಡುಗನಾಗಿದ್ದಾಗ ಅಪ್ಪನ ಕಬ್ಬಿಣದ ಕೆಲಸದ ಕಾರ್ಖಾನೆಯಲ್ಲಿ ದುಡಿದರು. ದನಿಯೂ ಆ ಕುಲುಮೆಯಿಂದಲೇ ಬಂದಂತಿದೆ. ಕಪ್ಪು, ಗಟ್ಟಿ, ಲೋಹದ ಸದ್ದು ಬೆರೆತದ್ದು. ‘ಸಿಂಹದ ದನಿ’ ಎನ್ನುತ್ತಿದ್ದರು. 1914ರ ಜನವರಿಯಲ್ಲಿ ಕರೂಸೋ ಜೊತೆ ಹಾಡಿದ ‘ಒತೆಲ್ಲೊ’ ಯುಗಳಗೀತೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಕೊಂಬಿನ ಮುಂದೆ ನಿಂತು ಹಾಡಿದ್ದು ಇಷ್ಟು ಜೋರಾಗಿ ಬಂದಿದೆ ಎಂದರೆ ರಂಗಮಂದಿರದಲ್ಲಿ ಹೇಗಿತ್ತೋ. ‘ಹ್ಯಾಮ್ಲೆಟ್’ ಒಪೆರಾದ ಕುಡಿತದ ಹಾಡಿನಲ್ಲಿ ಒಂದೇ ಉಸಿರಿನಲ್ಲಿ ಉದ್ದನೆಯ ಸ್ವರಮಾಲೆ ಬಿಡುತ್ತಾರೆ, ಅದನ್ನೂ ಕೇಳಲೇಬೇಕು. ‘ಎರಿ ತು’ ಹಾಡಿನ ಮೊದಲ ಭಾಗಕ್ಕೆ ಈ ಕಂಠ ಹೇಳಿ ಮಾಡಿಸಿದಂತಿದೆ. ಎರಡನೆಯ ಭಾಗದಲ್ಲಿ ನನಗೆ ಅಷ್ಟು ತೃಪ್ತಿಯಿಲ್ಲ. ಸಿಟ್ಟು ಆರಿದ್ದು ಕೇಳಿಸುತ್ತದೆ, ಕರಗಿದ್ದು ಕೇಳಿಸುವುದಿಲ್ಲ.

ಅವರ ಬದುಕಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವರ ತಂಗಿಯ ಗಂಡ ಜಾಕೊಮೊ ಮಾತ್ತೆಯೊತ್ತಿ, ಮುಸೊಲಿನಿಯನ್ನು ಸಂಸತ್ತಿನಲ್ಲೇ ಎದುರಿಸಿದ ಸಮಾಜವಾದಿ ನಾಯಕ. 1924ರಲ್ಲಿ ಫ್ಯಾಸಿಸ್ಟರು ಅವರನ್ನು ಅಪಹರಿಸಿ ಕೊಂದರು. ಆಮೇಲೆ ರೂಫೋ ಇಟಲಿಯಲ್ಲಿ ಹಾಡಲು ಒಪ್ಪಲಿಲ್ಲ.

ರೂಫೋಗಿಂತ ಆರೇ ತಿಂಗಳು ದೊಡ್ಡವರು ಜುಸೆಪ್ಪೆ ದೆ ಲೂಕಾ. ಇಟಲಿಯ ಸಂಗೀತಕಾರ ಪುಚ್ಚಿನಿಯ ‘ಮದಾಮಾ ಬಟರ್‌ಫ್ಲೈ’ 1904ರಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ಶಾರ್ಪ್‌ಲೆಸ್ ಪಾತ್ರ ಅವರದ್ದು, 1918ರ ‘ಜಾನ್ನಿ ಸ್ಕಿಕ್ಕಿ’ಯ ಮೊದಲ ನಾಯಕರೂ ಅವರೇ. ಕಂಠ ರೂಫೋ ಅವರದ್ದರ ಅರ್ಧವೂ ಇರಲಿಲ್ಲ. ರೂಫೋ ದನಿಯನ್ನು ಪವಾಡ ಎಂದು ದೆ ಲೂಕಾ ತಾವೇ ಹೊಗಳಿದ್ದಾರೆ. ಆದರೆ ಆ ಪವಾಡ ಐವತ್ತರ ಹೊತ್ತಿಗೆ ಸವೆದುಹೋಗಿತ್ತು. ದೆ ಲೂಕಾ ಎಪ್ಪತ್ತರ ವಯಸ್ಸಿನಲ್ಲೂ ನ್ಯೂಯಾರ್ಕ್‌ನಲ್ಲಿ ಕಚೇರಿ ಕೊಟ್ಟರು. ಇದ್ದಷ್ಟು ದನಿಯನ್ನು ಎಂದೂ ಮೀರಿ ಖರ್ಚು ಮಾಡಲಿಲ್ಲ, ಅಷ್ಟೇ. ಹೋಲಿಕೆ ಮಾಡುವಾಗ ಆಯುಷ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನನಗೆ ಅನಿಸುವುದು ಈ ಇಬ್ಬರನ್ನು ಪಕ್ಕಪಕ್ಕ ಇಟ್ಟಾಗ.

ಮೈಕ್ ಬಂದ ಮೇಲೆ ಕಥೆ ಬೇರೆ. ಅಮೆರಿಕದಿಂದ ಒಂದು ಸಾಲೇ ಎದ್ದು ಬಂತು. ಲಾರೆನ್ಸ್ ಟಿಬೆಟ್, ಲೆನಾರ್ಡ್ ವಾರೆನ್, ರಾಬರ್ಟ್ ಮೆರಿಲ್. ವಾರೆನ್ ಅವರ ಮೇಲಿನ ಸ್ವರಗಳು ಟೆನರ್‌ಗಳಿಗೂ ಹೊಟ್ಟೆಕಿಚ್ಚು ಬರಿಸುವಂಥವು, ಅಷ್ಟು ದುಂಡಗೆ, ಅಷ್ಟು ಸುಲಭ. 1960ರ ಮಾರ್ಚ್ 4ರಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ಲಾ ಫೋರ್ತ್ಸಾ ದೆಲ್ ದೆಸ್ತೀನೊ’ ನಡೆಯುತ್ತಿದ್ದಾಗ, ದೊಡ್ಡ ಹಾಡು ಮುಗಿಸಿದ ಸ್ವಲ್ಪ ಹೊತ್ತಿಗೆ ರಂಗದ ಮೇಲೆಯೇ ಕುಸಿದು ತೀರಿಕೊಂಡರು. ವಯಸ್ಸು 48. ಮೆರಿಲ್ ದನಿ ಇವರೆಲ್ಲರಿಗಿಂತ ಹದವಾದದ್ದು. 1954ರಲ್ಲಿ ಕಂಡಕ್ಟರ್ ತೊಸ್ಕನೀನಿ ರೇಡಿಯೊಗಾಗಿ ನಡೆಸಿದ ‘ಬಾಲ್ಲೊ’ದಲ್ಲಿ ರೆನಾತೊ ಅವರೇ. ಒಂದು ಸ್ವರವೂ ಕೆಡುವುದಿಲ್ಲ. ಕಥೆ ಮಾತ್ರ ಸ್ವಲ್ಪ ದೂರದಲ್ಲೇ ಉಳಿದುಬಿಡುತ್ತದೆ.

ಕಥೆ ಬೇಕಿದ್ದರೆ ತೀತೊ ಗೋಬ್ಬಿ. 1956ರಲ್ಲಿ ಗಾಯಕಿ ಮರಿಯಾ ಕಾಲಸ್ ಮತ್ತು ಟೆನರ್ ದಿ ಸ್ತೆಫಾನೊ ಜೊತೆ ‘ಬಾಲ್ಲೊ’ ಮುದ್ರಿಸಿದರು. ದನಿ ಇಲ್ಲಿನ ಎಲ್ಲರಿಗಿಂತ ಸಾಮಾನ್ಯ, ಮೇಲಿನ ಸ್ವರಗಳು ಬಿಗಿ, ಕೆಲವೊಮ್ಮೆ ಒರಟು. ಆದರೆ ಅವರ ಬಾಯಲ್ಲಿ ಪ್ರತಿ ಪದಕ್ಕೂ ಒಂದು ಬಣ್ಣ ಬರುತ್ತದೆ. ‘ಎರಿ ತು’ ಎನ್ನುವಾಗ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂದು ನಮಗೆ ಕಾಣುತ್ತದೆ. ಇಟಾಲಿಯನ್ ಒಂದಕ್ಷರ ಬಾರದವರಿಗೂ ಅವರ ‘ತೊಸ್ಕಾ’ದ ಕ್ರೂರ ಪೊಲೀಸ್ ಅಧಿಕಾರಿ ಸ್ಕಾರ್ಪಿಯಾ ಭಯ ಹುಟ್ಟಿಸುತ್ತಾನೆ, 1953ರ ರೆಕಾರ್ಡ್ ಕೇಳಿ ನೋಡಿ. 1956ರಲ್ಲೇ ಕಂಡಕ್ಟರ್ ಕರಾಯನ್ ಕೈಕೆಳಗೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ‘ಫಾಲ್‌ಸ್ಟಾಫ್’ ಮಾಡಿದರು. ಆ ಆರ್ಕೆಸ್ಟ್ರಾಗೆ ಅದರ ಆರಂಭದ ವರ್ಷಗಳಲ್ಲಿ ಹಣದ ಆಸರೆ ಕೊಟ್ಟವರಲ್ಲಿ ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಒಬ್ಬರು, ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಆ ‘ಫಾಲ್‌ಸ್ಟಾಫ್’ ಕೇಳುವಾಗಲೆಲ್ಲ ನನಗೆ ಇದು ನೆನಪಾಗಿ ಖುಷಿಯಾಗುತ್ತದೆ.

ಪಿಯೆರೊ ಕಾಪ್ಪುಚ್ಚಿಲ್ಲಿ 1975ರಲ್ಲಿ ಕಂಡಕ್ಟರ್ ಮೂತಿ ಜೊತೆ ಇದೇ ಒಪೆರಾ ಮುದ್ರಿಸಿದ್ದಾರೆ. ಅವರನ್ನು ಉಸಿರಿಗಾಗಿ ಕೇಳಬೇಕು. ಬೇರೆಯವರು ಎರಡು ಸಲ ಉಸಿರು ತೆಗೆದುಕೊಳ್ಳುವ ಕಡೆ ಅವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇಡೀ ವಾಕ್ಯ ಒಂದೇ ಯೋಚನೆಯಾಗಿ ಕೇಳಿಸುತ್ತದೆ. ನಮ್ಮ ಕಾಲದವರೇ ಆದ ಸೈಬೀರಿಯಾದ ದ್ಮಿತ್ರಿ ಹ್ವೊರೊಸ್ತೋವ್ಸ್ಕಿಗೂ ಇದೇ ವರವಿತ್ತು. 2017ರ ಮೇ ತಿಂಗಳಲ್ಲಿ, ಮೆದುಳಿನ ಗೆಡ್ಡೆಯಿಂದ ಬಳಲುತ್ತಿದ್ದಾಗಲೂ ಮೆಟ್ರೊಪಾಲಿಟನ್ ಒಪೆರಾದ ರಂಗಕ್ಕೆ ಬಂದು ರಿಗೊಲೆತ್ತೊನ ಹಾಡು ಹಾಡಿದರು. ಅದೇ ನವೆಂಬರ್‌ನಲ್ಲಿ ತೀರಿಕೊಂಡರು.

ಕೊನೆಗೆ ಎತ್ತೋರೆ ಬಾಸ್ತಿಯಾನೀನಿ. ಸಿಯೆನಾದವರು, ಹುಟ್ಟಿದ್ದು 1922. ಶುರು ಮಾಡಿದ್ದು ಬಾಸ್ ಆಗಿ, 1952ರಲ್ಲಿ ಬ್ಯಾರಿಟೋನ್ ಆದರು. ಕೆಳಗಿನ ಆ ಆಳ ಹಾಗೇ ಉಳಿಯಿತು, ಅದರ ಮೇಲೆ ಹೊಸದಾಗಿ ಮೇಲಿನ ಸ್ವರಗಳನ್ನು ಕಟ್ಟಿದರು. ಕಂಚಿನ ಕಂಠ ಎಂದರೆ ಇದೇ. ನಯವೂ ಇದೆ, ಗಟ್ಟಿಯೂ ಇದೆ. 1960ರಲ್ಲಿ ಗಾವಾತ್ಸೇನಿ ಕಂಡಕ್ಟರ್ ಆಗಿದ್ದ ‘ಬಾಲ್ಲೊ’ ರೆಕಾರ್ಡಿನಲ್ಲಿ ನಮ್ಮ ಹಾಡು ಸಿಗುತ್ತದೆ. ನಾನು ಮೊದಲು ಹೇಳಿದ ಗಂಟು ಅವರಲ್ಲಿ ಎಲ್ಲಿದೆ ಎಂದು ಹುಡುಕಿ, ಸಿಗುವುದಿಲ್ಲ. ಕೆಳಗಿನಿಂದ ಮೇಲಿನವರೆಗೆ ಒಂದೇ ಬಣ್ಣ. ಬಾಸ್ತಿಯಾನೀನಿಗೆ ಸೂಕ್ಷ್ಮ ಕಡಿಮೆ, ಎಲ್ಲವನ್ನೂ ಒಂದೇ ಜೋರಿನಲ್ಲಿ ಹಾಡುತ್ತಾರೆ ಎಂದು ದೂರುವವರಿದ್ದಾರೆ. ಆ ದೂರು ಪೂರ್ತಿ ಸುಳ್ಳಲ್ಲ, ಬಾತ್ತಿಸ್ತೀನಿ ಕೇಳಿ ಬಂದ ಕಿವಿಗೆ ಅದು ಇನ್ನೂ ನಿಜ ಎನಿಸುತ್ತದೆ. 1962ರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಮೇಲೂ ಕೆಲವು ವರ್ಷ ಹಾಡಿದರು. 1967ರ ಜನವರಿಯಲ್ಲಿ, 44ನೇ ವಯಸ್ಸಿನಲ್ಲಿ ಹೋಗಿಬಿಟ್ಟರು.

ಕೇಳಲು ಕೂರುವವರು ಈ ಕ್ರಮದಲ್ಲಿ ಕೇಳಿ. ಮೊದಲು ಬಾಸ್ತಿಯಾನೀನಿ, ಯಾಕೆಂದರೆ ರೆಕಾರ್ಡ್ ಚೆನ್ನಾಗಿದೆ, ಹಾಡಿನ ಆಕಾರ ತಲೆಗೆ ಹತ್ತುತ್ತದೆ. ಆಮೇಲೆ ಗೋಬ್ಬಿ, ಪದಗಳಿಗಾಗಿ. ನಂತರ ರೂಫೋ. ಬಾತ್ತಿಸ್ತೀನಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕಿವಿ ಕರಕರ ಸದ್ದನ್ನು ದಾಟಿ ಕೇಳುವುದು ಕಲಿತಿರುತ್ತದೆ. ಇಡೀ ಹಾಡಿಗೆ ಒಬ್ಬರನ್ನೇ ಆರಿಸು ಎಂದರೆ ನನ್ನ ಓಟು ಬಾಸ್ತಿಯಾನೀನಿಗೆ. ಆದರೆ ‘ಬ್ರಿಲ್ಲಾವಾ ದಾಮೋರ್’ ಎಂಬ ಒಂದು ಸಾಲಿಗೆ ಮಾತ್ರ 1906ರ ಆ ಹಳೆಯ ಪ್ಲೇಟನ್ನು ಯಾರೂ ಮೀರಿಸಿಲ್ಲ.